ಮೈಸೂರಿನ ಬೀದಿಗಳಲ್ಲಿ ಚಿಲಮತ್ತೂರಿನ ಕನ್ನಡ

ಕಲ್ಯಾಣದುರ್ಗ ಸೀಮೆಯಲ್ಲಿ, ಕಂಬದೂರಿಗೆ ಸೇರಿದ ರಾಳ್ಳಪಲ್ಲಿ ಎಂಬ ಹಳ್ಳಿಯಿದೆ. ಮಳೆಯನ್ನೇ ನಂಬಿದ ಕೆಂಪು ಹೊಲ, ಕಡಲೆಕಾಯಿ ಬೆಳೆ, ನಡುವೆ ಬಂಡೆಗುಡ್ಡ. 1893ರಲ್ಲಿ ಅಲ್ಲಿ ಹುಟ್ಟಿದ ಹುಡುಗನೊಬ್ಬ ಸಂಸ್ಕೃತ ಓದಲೆಂದು ಮೈಸೂರಿಗೆ ಹೋದ. ಪರಕಾಲ ಮಠದಲ್ಲಿ ಕಾವ್ಯ, ನಾಟಕ, ಅಲಂಕಾರ ಕಲಿತ. 1912ರಲ್ಲಿ ಮಹಾರಾಜ ಕಾಲೇಜಿಗೆ ತೆಲುಗು ಪಂಡಿತನಾಗಿ ಸೇರಿ 1949ರವರೆಗೆ ಅಲ್ಲೇ ಪಾಠ ಹೇಳಿದ. ಆತನೇ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮ. ಆಂಧ್ರದವರಿಗೆ ಅವರು ವೇಮನನ ಮೇಲೆ ಹೊಸ ಬೆಳಕು ಚೆಲ್ಲಿದ ವಿಮರ್ಶಕರು, ನಿವೃತ್ತಿಯ ನಂತರ ತಿರುಪತಿಗೆ ಹೋಗಿ ತಾಮ್ರದ ಹಲಗೆಗಳಲ್ಲಿ ಮಲಗಿದ್ದ ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಹಾಕಿದ ವಿದ್ವಾಂಸರು. ಕನ್ನಡದವರಿಗೆ ‘ಗಾನಕಲೆ’ ಬರೆದ ಶರ್ಮರು. ತೆಲುಗು ಪಾಠ ಹೇಳಲೆಂದು ಬಂದವರು ಕನ್ನಡದಲ್ಲಿ ಪುಸ್ತಕ ಬರೆಯುವಂತೆ ಮಾಡಿದ್ದು ಯಾವುದು?

ಈ ಪ್ರಶ್ನೆ ನಮ್ಮನ್ನು ಕಾಡಿದ್ದಕ್ಕೆ ಕಾರಣವಿದೆ. ನಮ್ಮದು ಚಿಲಮತ್ತೂರು. ಬೆಂಗಳೂರಿನಿಂದ ಹೈದರಾಬಾದಿನ ಹೆದ್ದಾರಿಯಲ್ಲಿ ಬಾಗೇಪಲ್ಲಿ ದಾಟಿದರೆ ಕೊಡಿಕೊಂಡ ಚೆಕ್‌ಪೋಸ್ಟ್. ಅಲ್ಲಿ ಎಡಕ್ಕೆ ತಿರುಗಿ ಲೇಪಾಕ್ಷಿಗೆ ಹೋಗುವವರು ನಮ್ಮೂರಿನ ಮೇಲೆಯೇ ಹೋಗುತ್ತಾರೆ. ನಂದಿ ನೋಡುವ ಆತುರದಲ್ಲಿ ಯಾರೂ ಇಳಿಯುವುದಿಲ್ಲ. ನಮ್ಮಂಥ ಮನೆಗಳಲ್ಲಿ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಶಾಲೆ, ಬಸ್ಸು, ಅಂಗಡಿ, ಮಂಡಲ ಕಚೇರಿ ಎಲ್ಲ ತೆಲುಗೇ. ಅಜ್ಜಿ ಬೈಯುವುದು ಕನ್ನಡದಲ್ಲಿ, ಮೇಷ್ಟ್ರು ಬೈಯುವುದು ತೆಲುಗಿನಲ್ಲಿ. ಇದರಲ್ಲಿ ಜಗಳವಿಲ್ಲ, ಯಾರ ಮೇಲೂ ದೂರಿಲ್ಲ. ಗಡಿಯ ಬದುಕೇ ಹೀಗೆ. ಆದರೆ ಮನೆಯೊಳಗೆ ಮಾತ್ರ ಉಳಿದ ಭಾಷೆ ನಿಧಾನಕ್ಕೆ ಅಡುಗೆ, ಹಬ್ಬ, ನೆಂಟಸ್ತಿಕೆಯ ಭಾಷೆಯಾಗುತ್ತದೆ. ಚೌಕಾಸಿ, ರಾಜಕೀಯ, ತರ್ಕ, ತಮಾಷೆ ಎಲ್ಲವೂ ಬೀದಿಯ ಭಾಷೆಗೆ ಹೋಗುತ್ತವೆ.

ಮೈಸೂರಿನಲ್ಲಿ ಒಂದು ಕಾಲಕ್ಕೆ ನಡೆದದ್ದು ಇದರ ತಿರುಗುಮುರುಗು. ಮನೆಯಲ್ಲಿ ತಮಿಳೋ ತೆಲುಗೋ ಕೊಂಕಣಿಯೋ ಆಡುತ್ತಿದ್ದವರು ಬೀದಿಗೆ ಇಳಿದು ಕನ್ನಡದವರಾದರು. ಆ ಬೀದಿಗಳನ್ನು ಕಾಲಲ್ಲಿ ನಡೆದೇ ನೋಡಬೇಕೆಂದು ನಾವು ಗೆಳೆಯರು ಹಿಂದೂಪುರದಲ್ಲಿ ರೈಲು ಹತ್ತಿದೆವು. ನಮ್ಮಲ್ಲಿ ಒಬ್ಬ ಹಿಂದೂಪುರದ ರೇಷ್ಮೆಗೂಡಿನ ವ್ಯಾಪಾರದವನು. ಇನ್ನೊಬ್ಬರು ಕಲ್ಯಾಣದುರ್ಗದ ಕಡೆಯ ತೆಲುಗು ಮೇಷ್ಟ್ರು, ಶರ್ಮರ ಹೆಸರೆತ್ತಿದರೆ ಕೈ ಜೋಡಿಸುವವರು. ಮತ್ತೊಬ್ಬಳು ಮಡಕಶಿರಾದ ಹುಡುಗಿ, ಬೆಂಗಳೂರಿನಲ್ಲಿ ಕೆಲಸ, ಕನ್ನಡ ಓದಲು ಕಲಿತದ್ದು ಕಾಲೇಜು ಮುಗಿದ ಮೇಲೆ.

ಮೈಸೂರು ಸ್ಟೇಷನ್ನಿನಲ್ಲಿ ಇಳಿದವರು ಸಾಮಾನ್ಯವಾಗಿ ಅರಮನೆಯ ದಿಕ್ಕು ಹಿಡಿಯುತ್ತಾರೆ. ನಾವು ಹಳಿಯ ಇನ್ನೊಂದು ಬದಿಗೆ, ಯಾದವಗಿರಿಗೆ ನಡೆದೆವು. ಆರ್.ಕೆ. ನಾರಾಯಣ್ 1950ರ ದಶಕದಲ್ಲಿ ಕಟ್ಟಿಸಿಕೊಂಡ ಮನೆ ಇಲ್ಲಿದೆ. ಎರಡಂತಸ್ತು, ಬಿಳಿ ಗೋಡೆ, ಮೇಲೆ ಅರ್ಧ ದುಂಡಗೆ ಹೊರಚಾಚಿದ ಕೋಣೆಗೆ ಸುತ್ತ ಕಿಟಕಿ. 2011ರಲ್ಲಿ ಈ ಮನೆ ಕೆಡವಲು ಶುರುವಾಗಿತ್ತು. ಪತ್ರಿಕೆಗಳು ಎಚ್ಚರಿಸಿ, ಊರಿನವರು ದನಿ ಎತ್ತಿ, ಕೆಲಸ ನಿಂತಿತು. ನಗರಪಾಲಿಕೆ ಅದನ್ನು ಕೊಂಡು, ಸರಿಪಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮೆಟ್ಟಿಲು ಹತ್ತಿ ಆ ಕಿಟಕಿಗಳ ಬಳಿ ನಿಂತರೆ ಬೆಳಕು ಮೂರು ಕಡೆಯಿಂದ ಬರುತ್ತದೆ. ಮೇಷ್ಟ್ರು ಬಹಳ ಹೊತ್ತು ಅಲ್ಲೇ ನಿಂತಿದ್ದರು.

“ಇಂಗ್ಲಿಷಲ್ಲಿ ಬರೆದವರ ಮನೆಗೆ ಮೊದಲು ಯಾಕೆ ಬಂದಿರಿ?” ಎಂದು ಮಡಕಶಿರಾದವಳು ಕೇಳಿದಳು.

ನ್ಯಾಯವಾದ ಪ್ರಶ್ನೆ. ನಾರಾಯಣ್ ಮದರಾಸಿನಲ್ಲಿ ಹುಟ್ಟಿದವರು, ಮನೆಮಾತು ತಮಿಳು, ಬರೆದದ್ದು ಇಂಗ್ಲಿಷ್. ತಂದೆ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿಗೆ ಹೆಡ್‌ಮಾಸ್ಟರಾಗಿ ಬಂದಾಗ ಸಂಸಾರ ಮೈಸೂರಿಗೆ ಬಂತು. ಆದರೆ ಅವರ ಕತೆಗಳಿಗೆ ಜನ ಸಿಕ್ಕಿದ್ದು ಓದುವ ಕೋಣೆಯಲ್ಲಲ್ಲ. ತರುಣನಾಗಿದ್ದಾಗ ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ವರದಿಗಾರನಾಗಿ ದಿನಾ ಕಾಲ್ನಡಿಗೆಯಲ್ಲಿ ಕೋರ್ಟು, ಪೊಲೀಸ್ ಠಾಣೆ, ಮಾರುಕಟ್ಟೆ ಸುತ್ತಿ ಸುದ್ದಿ ಹೆಕ್ಕುತ್ತಿದ್ದರು. ಆ ನಡಿಗೆ ಕೊನೆಯವರೆಗೂ ಬಿಡಲಿಲ್ಲ. ಅಂಗಡಿಯವರು, ವಕೀಲರು, ಅಚ್ಚುಕೂಟದವರು ಎಲ್ಲರೂ ಪರಿಚಯ. ಅವರೊಂದಿಗೆ ಆಡಿದ್ದು ಯಾವ ಭಾಷೆ? ‘ಮಾಲ್ಗುಡಿ’ಯ ಇಂಗ್ಲಿಷಿನ ಕೆಳಗೆ ಹರಿಯುವುದು ಸಯ್ಯಾಜಿರಾವ್ ರಸ್ತೆಯ ಕನ್ನಡ. ಶಂಕರ್‌ನಾಗ್ ಅದನ್ನು ತೆರೆಗೆ ತಂದಾಗ ಕನ್ನಡದ ನಟರ ಬಾಯಲ್ಲಿ ಅಷ್ಟು ಸಹಜವಾಗಿ ಕೂತದ್ದು ಇದರಿಂದಲೇ ಎಂದು ನನ್ನ ನಂಬಿಕೆ.

ಅಲ್ಲಿಂದ ರಾಮಕೃಷ್ಣ ಆಶ್ರಮ ದೂರವಲ್ಲ. 1925ರಲ್ಲಿ ಮೈಸೂರಿನಲ್ಲಿ ಆರಂಭವಾದ ಆಶ್ರಮ ಆಮೇಲೆ ಯಾದವಗಿರಿಗೆ ಬಂತು. ಮಲೆನಾಡಿನಿಂದ ಬಂದ ಕುಪ್ಪಳಿ ಪುಟ್ಟಪ್ಪನಿಗೆ, ಎಂದರೆ ಮುಂದಿನ ಕುವೆಂಪುಗೆ, ಸ್ವಾಮಿ ಸಿದ್ಧೇಶ್ವರಾನಂದರು ಆಶ್ರಮದಲ್ಲಿ ಜಾಗ ಕೊಟ್ಟರು. ಕಾಯಿಲೆ ಬಿದ್ದು, ಊರು ದೂರವಾಗಿ, ತಾಯಿಯನ್ನೂ ಕಳೆದುಕೊಂಡಿದ್ದ ಹುಡುಗನಿಗೆ ಅದು ಬರಿಯ ವಸತಿಯಾಗಿರಲಿಲ್ಲ. ವರ್ಷಗಟ್ಟಲೆ ಅಲ್ಲಿಂದಲೇ ಕಾಲೇಜಿಗೆ ನಡೆದುಹೋದರು.

ಕುವೆಂಪು ವಿಷಯದಲ್ಲಿ ನನ್ನ ಮಾತಿಗೆ ಒಂದು ತಿದ್ದುಪಡಿ ಬೇಕು. ಅವರ ಮನೆಮಾತೇ ಕನ್ನಡ. ಆದರೂ ಶಾಲೆಯ ಹುಡುಗನಾಗಿ ಅವರು ಬರೆದದ್ದು ಇಂಗ್ಲಿಷ್ ಕವಿತೆ, 1922ರಲ್ಲಿ ಅವುಗಳ ಪುಸ್ತಕವೂ ಬಂತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ತನ್ನ ಇಂಗ್ಲಿಷ್ ಕವಿತೆಗಳ ಹಸ್ತಪ್ರತಿ ತೋರಿಸಿದ. ನಿನ್ನ ಭಾಷೆಯಲ್ಲಿ ಬರೆ ಎಂದರು ಕಸಿನ್ಸ್. ಇಂಗ್ಲಿಷಿನ ಎದುರು ತನ್ನ ಭಾಷೆಯನ್ನು ಕಳೆದುಕೊಂಡು ತಿರುಗಿ ಪಡೆಯಲು ಹೋರಾಡಿದ ಐರ್ಲೆಂಡಿನವನು ಈ ಮಾತು ಆಡಿದ್ದು ಆಕಸ್ಮಿಕವಲ್ಲ. ಹುಡುಗನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಮಾತು ನಾಟಿತು. ಮನೆಯಲ್ಲಿ ಕನ್ನಡವಿದ್ದರೆ ಸಾಕೆಂದು ನಂಬುವ ನಮ್ಮ ಗಡಿಯ ತಾಯಿತಂದೆಯರಿಗೆ ಈ ಕತೆ ಹೇಳಬೇಕು. ಮನೆಯ ಕನ್ನಡ ತಾನಾಗಿ ಬರಹವಾಗುವುದಿಲ್ಲ. ಹೊರಗೆ ಯಾರಾದರೂ ಅದನ್ನು ಬೇಡಬೇಕು, ಕಾಯಬೇಕು, ಓದಬೇಕು.

ಒಂಟಿಕೊಪ್ಪಲಿನಲ್ಲಿ ಕುವೆಂಪು ಅವರ ಮನೆ ‘ಉದಯರವಿ’ಯ ಮುಂದೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದು ಮನೆಯ ಗೇಟಿನ ಮುಂದೆ ಗುಂಪು ಕಟ್ಟಿ ನಿಲ್ಲುವುದು ಯಾರಿಗೂ ಹಿತವಲ್ಲ. ಮದುವೆಯಾದ ಮೇಲೆ ಬದುಕಿನ ಬಹುಪಾಲನ್ನು, 1994ರಲ್ಲಿ ತೀರಿಕೊಳ್ಳುವವರೆಗೂ, ಅವರು ಕಳೆದದ್ದು ಇಲ್ಲಿ. ‘ಶ್ರೀ ರಾಮಾಯಣ ದರ್ಶನಂ’ ಬೆಳೆದದ್ದು, ‘ಮಲೆಗಳಲ್ಲಿ ಮದುಮಗಳು’ ಹುಟ್ಟಿದ್ದು ಇಲ್ಲೇ. ಮಗ ತೇಜಸ್ವಿ ‘ಅಣ್ಣನ ನೆನಪು’ ಪುಸ್ತಕದಲ್ಲಿ ಕಟ್ಟಿಕೊಟ್ಟ ತುಂಟ ಬಾಲ್ಯವೂ ಇದೇ ಅಂಗಳದ್ದು. ನಾರಾಯಣರ ಮನೆಯಿಂದ ಇಲ್ಲಿಗೆ ನಾವು ಮಾತಾಡುತ್ತಾ ಬಂದದ್ದರಿಂದ ದೂರವೇ ತಿಳಿಯಲಿಲ್ಲ. ಇಷ್ಟು ಹತ್ತಿರದ ಎರಡು ಬಡಾವಣೆಗಳಲ್ಲಿ, ಒಂದರಲ್ಲಿ ಮಾಲ್ಗುಡಿ, ಇನ್ನೊಂದರಲ್ಲಿ ಸಹ್ಯಾದ್ರಿಯ ಕಾಡು. ಎರಡೂ ಮೈಸೂರಲ್ಲ, ಎರಡೂ ಬರೆದದ್ದು ಮೈಸೂರಿನಲ್ಲಿ.

ಕುಕ್ಕರಹಳ್ಳಿ ಕೆರೆಯ ಏರಿ ಹತ್ತುವ ಹೊತ್ತಿಗೆ ಬಿಸಿಲು ಏರಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ. ಕುವೆಂಪು ಇದರ ಮೇಲೆ ಕವಿತೆ ಬರೆದರು, ನಾರಾಯಣ್ ದಂಡೆಯಲ್ಲಿ ಕೂತು ಓದಿದರು. ನಮಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಏರಿಯ ಮೇಲಿನ ಮಾತು. ವಾಕಿಂಗಿಗೆ ಬಂದ ನಿವೃತ್ತರು, ಪಕ್ಕದ ಮಾನಸಗಂಗೋತ್ರಿಯ ವಿದ್ಯಾರ್ಥಿಗಳು, ಪೆಲಿಕನ್ ಹಕ್ಕಿ ನೋಡಲು ಬಂದ ಹುಡುಗರು. ಬೇರೆ ಬೇರೆ ಊರಿನ ಕನ್ನಡ, ನಡುನಡುವೆ ಉರ್ದು, ತಮಿಳು. ಮೊಳಕಾಲ್ಮೂರಿನ ಕಡೆಯ ಒಬ್ಬ ಸಂಶೋಧನಾ ವಿದ್ಯಾರ್ಥಿ ನಮ್ಮ ಮಾತಿನ ಧಾಟಿ ಕೇಳಿಯೇ ನಿಂತ. “ಅಣ್ಣಾ, ನೀವು ರಾಯದುರ್ಗದ ಕಡೆಯವರಾ?” ಎಂದ. ಹಿಂದೂಪುರದ ಗೆಳೆಯನಿಗೆ ಖುಷಿಯೋ ಖುಷಿ. “ಇಲ್ಲಪ್ಪ, ಇನ್ನೂ ಈ ಕಡೆ” ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಊರಿನ ವಂಶಾವಳಿಯನ್ನೇ ಬಿಚ್ಚಿದ. ಹುಡುಗನೂ ಎರಡೂ ಬೆರೆಸಿ ಉತ್ತರಿಸಿದ. ಹೊರಡುವಾಗ ಗೆಳೆಯ ಹೇಳಿದ್ದು: “ಇಲ್ಲಿ ಯಾರೂ ನನ್ನ ಕನ್ನಡ ಕೇಳಿ ನಗಲಿಲ್ಲ ನೋಡು.”

ಮಾನಸಗಂಗೋತ್ರಿಗೆ ಆ ಹೆಸರಿಟ್ಟದ್ದೇ ಕುವೆಂಪು. 1956ರಿಂದ 1960ರವರೆಗೆ ಅವರು ಕುಲಪತಿ. ಕನ್ನಡ ಕವಿಯೊಬ್ಬ ವಿಶ್ವವಿದ್ಯಾಲಯದ ಚುಕ್ಕಾಣಿ ಹಿಡಿದದ್ದು, ವಿಜ್ಞಾನವನ್ನೂ ಕನ್ನಡದಲ್ಲಿ ಕಲಿಸಬಹುದೆಂದು ಪಟ್ಟು ಹಿಡಿದದ್ದು ಆ ಪೀಳಿಗೆಯ ಹಳ್ಳಿಯ ಮಕ್ಕಳಿಗೆ ಎಂಥ ಧೈರ್ಯ ಕೊಟ್ಟಿರಬೇಕು! ಕ್ಯಾಂಪಸ್ಸಿನ ಜಯಲಕ್ಷ್ಮಿ ವಿಲಾಸದ ಜಾನಪದ ಸಂಗ್ರಹಾಲಯಕ್ಕೂ ಹೋಗಬೇಕಿತ್ತು, ಆದರೆ ಮೇಷ್ಟ್ರು ಆಗಲೇ ಮಹಾರಾಜ ಕಾಲೇಜಿನ ದಾರಿ ಹಿಡಿದಿದ್ದರು.

ಅವರ ಪಾಲಿಗೆ ಇದು ಯಾತ್ರೆ. ಹಳದಿ ಗೋಡೆಯ ಕಟ್ಟಡ, ಎತ್ತರದ ಕಿಟಕಿ, ಜೂನಿಯರ್ ಬಿ.ಎ. ಹಾಲಿನ ಸಾಲು ಬೆಂಚು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆದಾಗ ಅದರ ಹೃದಯ ಇದೇ ಕಾಲೇಜು. ರಾಧಾಕೃಷ್ಣನ್ 1918ರಿಂದ ಮೂರು ವರ್ಷ ಇಲ್ಲಿ ತತ್ವಶಾಸ್ತ್ರ ಹೇಳಿದರು. ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ತಾವೇ ಗಾಡಿ ಎಳೆದು ಸ್ಟೇಷನ್ ಮುಟ್ಟಿಸಿದ ಕತೆ ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿಲ್ಲದ ಕತೆಗಳೇ ನಮಗೆ ಬೇಕಾಗಿದ್ದವು. ಚಿತ್ತೂರಿನ ಕಡೆಯ ಕಟ್ಟಮಂಚಿ ರಾಮಲಿಂಗಾರೆಡ್ಡಿ ಇಲ್ಲಿ ಪ್ರೊಫೆಸರ್ ಆಗಿದ್ದರು. ಅನಂತಪುರದ ಹತ್ತಿರದ ಬುಕ್ಕರಾಯಸಮುದ್ರದ ಕೆರೆಗೆ ಪ್ರಾಣ ಕೊಟ್ಟ ಮುಸಲಮ್ಮನ ಮೇಲೆ ತೆಲುಗಿನಲ್ಲಿ ಕಾವ್ಯ ಬರೆದವರು ಇವರೇ. ಕನ್ನಡದ ಹೆಂಗಸರು ಹಾಡುತ್ತಾ ಬಂದ ‘ಕೆರೆಗೆ ಹಾರ’ದ ಭಾಗೀರತಿ ಮತ್ತು ಆ ಮುಸಲಮ್ಮ ಒಂದೇ ನೆಲದ ಅಕ್ಕತಂಗಿಯರು. ಕೆರೆ ನಿಲ್ಲದ ಸೀಮೆಯಲ್ಲಿ ಎರಡೂ ಭಾಷೆ ಒಂದೇ ಸಂಕಟವನ್ನು ಹಾಡಿವೆ. ಇಪ್ಪತ್ತು ತುಂಬದ ಅನಂತಕೃಷ್ಣ ಶರ್ಮರ ವಿದ್ವತ್ತನ್ನು ಗುರುತಿಸಿ ಕಾಲೇಜಿಗೆ ತಂದವರು ರೆಡ್ಡಿಯವರೇ. ಮುಂದೆ ರೆಡ್ಡಿಯವರು ಆಂಧ್ರ ವಿಶ್ವವಿದ್ಯಾಲಯದ ಕುಲಪತಿಯಾದರು, ವೇಮನನ ಬಗ್ಗೆ ಶರ್ಮರು ಕೊಟ್ಟ ಉಪನ್ಯಾಸಗಳು ಆ ವಿಶ್ವವಿದ್ಯಾಲಯದ್ದು. ಕದಿರಿಯ ಸೀಮೆಯಲ್ಲಿ ಸಮಾಧಿಯಿರುವ ವೇಮನನನ್ನು ತೆಲುಗು ಪಂಡಿತಲೋಕ ಒಪ್ಪಿಕೊಳ್ಳುವಂತೆ ಮಾಡಿದ ಬರಹ ಮೈಸೂರಿನಲ್ಲಿ ಬಾಳುತ್ತಿದ್ದ ಒಬ್ಬರದು.

ಒಂದೇ ಕಾರಿಡಾರಿನಲ್ಲಿ ಆ ಕಾಲಕ್ಕೆ ಯಾರೆಲ್ಲ ಎದುರಾಗುತ್ತಿದ್ದರೆಂದು ಊಹಿಸಿ. ಇಂಗ್ಲಿಷ್ ಪ್ರೊಫೆಸರ್ ಆಗಿದ್ದು ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡ ಕವಿತೆಯ ನಡೆ ಬದಲಿಸಿದ ಬಿ.ಎಂ. ಶ್ರೀಕಂಠಯ್ಯ. ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ, ಎಂದರೆ ನಮ್ಮ ಗಡಿಯ ಪಕ್ಕದಿಂದಲೇ ಬಂದ ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಹಿರಿಯಣ್ಣ, ತೀ.ನಂ.ಶ್ರೀ, ಡಿ.ಎಲ್. ನರಸಿಂಹಾಚಾರ್, 1929ರಲ್ಲಿ ಕನ್ನಡ ಎಂ.ಎ. ಮುಗಿಸಿ ಅಲ್ಲೇ ಅಧ್ಯಾಪಕರಾದ ಕುವೆಂಪು. ನಡುವೆ ತೆಲುಗು ಹೇಳುವ ಶರ್ಮರು. ಪಾಠ ಮುಗಿದ ಮೇಲೆ ಇವರೆಲ್ಲ ಬೇರೆ ಬೇರೆ ದಿಕ್ಕಿಗೆ ಕಾರು ಹತ್ತಿ ಹೋಗುತ್ತಿರಲಿಲ್ಲ. ಬಹಳ ಮಂದಿ ನಡೆದು ಮನೆಗೆ ಹೋಗುವಷ್ಟು ದೂರದಲ್ಲೇ ಇದ್ದರು. ಆಗಿನ ಮೈಸೂರಿನ ಅಳತೆಯೇ ನಡಿಗೆಯ ಅಳತೆ. ಒಬ್ಬರನ್ನು ಮನೆವರೆಗೆ ಬಿಡಲು ಹೋಗಿ, ಅವರು ಮತ್ತೆ ಇವರನ್ನು ಬಿಡಲು ಬಂದು, ಮಾತು ಮುಗಿಯದೆ ಹೋಗುವ ಸುಖ ಗೊತ್ತಿರುವವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಶರ್ಮರ ಕನ್ನಡ ಬರಹ ಹುಟ್ಟಿದ್ದು ಅಂಥ ಸಂಗದಲ್ಲಿ ಎಂದು ನಾನು ದೃಢವಾಗಿ ನಂಬುತ್ತೇನೆ. ಯಾರೂ ಅವರಿಗೆ ಕನ್ನಡ ಬರೆಯಿರಿ ಎಂದು ಕಟ್ಟಳೆ ಮಾಡಲಿಲ್ಲ. ಅವರ ತೆಲುಗನ್ನು ಯಾರೂ ಕಿತ್ತುಕೊಳ್ಳಲೂ ಇಲ್ಲ. ಆ ಕಾಲೇಜು ಅವರಿಗೆ ಸಂಬಳ ಕೊಟ್ಟದ್ದೇ ತೆಲುಗಿಗೆ. ಎರಡನೆಯ ಭಾಷೆಯನ್ನು ಪ್ರೀತಿಯಿಂದ ಕಲಿಯಬೇಕಾದರೆ ಮೊದಲನೆಯದಕ್ಕೆ ಮರ್ಯಾದೆ ಸಿಗಬೇಕು. ಇದನ್ನು ಗಡಿಯ ಎರಡೂ ಬದಿಯ ಶಿಕ್ಷಣ ಇಲಾಖೆಗಳಿಗೆ ಕೇಳುವಂತೆ ಹೇಳಬೇಕೆನಿಸುತ್ತದೆ.

ಕೃಷ್ಣರಾಜ ಬುಲೆವಾರ್ಡಿನ ಮರಗಳ ನೆರಳಲ್ಲಿ ನಡೆದರೆ ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂದು ಶುರುವಾದದ್ದು. ಇಲ್ಲಿಗೆ ಬಂದು ಸೇರಿದ ತಾಳೆಗರಿಯ ಕಟ್ಟಿನಲ್ಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಲೋಕವೆಲ್ಲ ಆ ಒಂದು ಪುಸ್ತಕಕ್ಕೆ ಈ ಕಟ್ಟಡವನ್ನು ನೆನೆಯುತ್ತದೆ. ನಾನು ನೆನೆದದ್ದು ಬೇರೆ. ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಕೂಡಿಸಿಟ್ಟರು. ಸಂಸ್ಥಾನದ ಗಡಿ ಬಾಗೇಪಲ್ಲಿ, ಗೌರಿಬಿದನೂರಿಗೆ ಮುಗಿಯುತ್ತಿತ್ತು. ಕೆಲವೇ ಮೈಲಿ ಆಚೆಯ ನಾವು ಮದರಾಸು ಪ್ರಾಂತ್ಯದವರು. ಹಾಗಾಗಿ ನಮ್ಮ ಸೀಮೆಯ ಕನ್ನಡ ಕಲ್ಲುಗಳು ಮದರಾಸಿನವರು ತಂದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಸಂಪುಟಗಳಿಗೆ ಹೋದವು. ವಿದ್ವಾಂಸರಿಗೆ ಎರಡೂ ಸಿಗುತ್ತವೆ. ಸಾಮಾನ್ಯ ಕನ್ನಡ ಓದುಗನ ಮನಸ್ಸಿನ ನಕ್ಷೆಯಲ್ಲಿ ಮಾತ್ರ ನಾವು ಅಂಚಿನಾಚೆ ಉಳಿದೆವು.

ಲಕ್ಷ್ಮೀಪುರಂ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ. ಹೆಸರು ಬೇರೆ, ಒಂದು ಮುಗಿದದ್ದೆಲ್ಲಿ ಇನ್ನೊಂದು ಶುರುವಾದದ್ದೆಲ್ಲಿ ಹೊಸಬರಿಗೆ ತಿಳಿಯುವುದಿಲ್ಲ. ಹೆಂಚಿನ ಮನೆಗಳು ಕೆಲವು ಉಳಿದಿವೆ, ಬಹಳ ಹೋಗಿವೆ. ನಾರಾಯಣ್, ಲಕ್ಷ್ಮಣ್ ಸೋದರರು ಬೆಳೆದ ಲಕ್ಷ್ಮೀಪುರಂ ಇದು. 1929ರಲ್ಲಿ ಇದೇ ಮೈಸೂರಿನಲ್ಲಿ ಎ.ಕೆ. ರಾಮಾನುಜನ್ ಹುಟ್ಟಿದರು. ತಂದೆ ಗಣಿತದ ಪ್ರೊಫೆಸರ್. ಮಹಡಿಯ ಮೇಲೆ ಅಪ್ಪನೊಂದಿಗೆ ಇಂಗ್ಲಿಷ್, ಕೆಳಗೆ ಅಮ್ಮನೊಂದಿಗೆ ತಮಿಳು, ಬೀದಿಯಲ್ಲಿ ಕನ್ನಡ ಎಂದು ತಮ್ಮ ಬಾಲ್ಯವನ್ನು ಅವರು ವಿವರಿಸುತ್ತಿದ್ದರು. ಬನುಮಯ್ಯ ಹೈಸ್ಕೂಲು, ಮಹಾರಾಜ ಕಾಲೇಜು ದಾಟಿ ಷಿಕಾಗೊವರೆಗೆ ಹೋದ ಮೇಲೂ ಆ ಬೀದಿಯನ್ನು ಅವರು ಬಿಡಲಿಲ್ಲ. 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಕನ್ನಡ ಕವನ ಸಂಕಲನ, 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರನ್ನು ಜಗತ್ತು ಓದಿದ್ದು ಬೀದಿಯಲ್ಲಿ ಕನ್ನಡ ಕಲಿತ ಒಬ್ಬ ಹುಡುಗನ ಮೂಲಕ.

ನಾನು ಇದನ್ನು ಹೇಳುವಾಗ ಮಡಕಶಿರಾದವಳು ನಡಿಗೆ ನಿಲ್ಲಿಸಿದಳು. “ಬೀದಿ ಅಂತೀರಲ್ಲ ಅಣ್ಣಾ, ಬೀದಿಗೆ ಬಂದವರು ಯಾರು? ಕೆರೆ ಏರಿ ಮೇಲೆ, ಕಾಲೇಜು ಕಟ್ಟೆ ಮೇಲೆ, ಕಾಫಿ ಹೋಟೆಲಲ್ಲಿ ಕೂತು ಮಾತಾಡಿದವರು ಎಲ್ಲ ಗಂಡಸರೇ.”

ಅವಳ ಮಾತಿಗೆ ಉತ್ತರವಾಗಿ ನಾವು ಚಾಮುಂಡಿಪುರಂಗೆ ನಡೆದೆವು. ಅಲ್ಲಿ ತ್ರಿವೇಣಿ ಇದ್ದರು. ಅನಸೂಯಾ ಶಂಕರ್ ಎಂಬುದು ನಿಜ ಹೆಸರು; ಬಿ.ಎಂ.ಶ್ರೀ ಅವರ ಅಣ್ಣತಮ್ಮಂದಿರ ಮನೆತನದ ಮಗಳು. ಮಹಾರಾಜ ಕಾಲೇಜಿನಲ್ಲಿ ಓದಿದವರು, ಮನಃಶಾಸ್ತ್ರ ಬಲ್ಲವರು. ಹತ್ತು ಹನ್ನೆರಡು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದು, 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಮಗು ಹೆತ್ತ ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು. ‘ಶರಪಂಜರ’, ‘ಬೆಳ್ಳಿಮೋಡ’ ಕತೆಗಳನ್ನು ಪುಟ್ಟಣ್ಣ ಕಣಗಾಲರ ಸಿನಿಮಾಗಳಿಂದ ಬಲ್ಲವರು ನಮ್ಮ ಕಡೆಯೂ ಬಹಳ. ನಮ್ಮಮ್ಮ ಹಿಂದೂಪುರದ ಟಾಕೀಸಿನಲ್ಲಿ ‘ಶರಪಂಜರ’ ನೋಡಿ ಬಂದು ಎರಡು ದಿನ ಮಾತಾಡಿರಲಿಲ್ಲವೆಂದು ಚಿಕ್ಕಮ್ಮ ಈಗಲೂ ಹೇಳುತ್ತಾರೆ.

ತ್ರಿವೇಣಿಯವರ ಕಾದಂಬರಿಗಳಲ್ಲಿ ಬೀದಿ ಕಡಿಮೆ. ನಡುಮನೆ, ಅಡುಗೆಮನೆ, ಬಾಣಂತಿ ಕೋಣೆ, ಆಸ್ಪತ್ರೆ. ಮುಚ್ಚಿದ ಬಾಗಿಲ ಹಿಂದೆ ಹೆಣ್ಣಿನ ಮನಸ್ಸು ಒಡೆಯುವುದನ್ನು ಅವರು ಕಾಯಿಲೆ ಎಂದು ಕರೆದರು. ದೋಷವೆಂದೋ ದೆವ್ವವೆಂದೋ ಕರೆಯಲಿಲ್ಲ. ಮೈಸೂರಿನ ಗಂಡಸರು ಕೆರೆ ಸುತ್ತಿ ಕಟ್ಟಿದ ಕನ್ನಡ ಒಂದು, ಚಾಮುಂಡಿಪುರಂನ ಮನೆಯೊಳಗೆ ಕೂತು ತ್ರಿವೇಣಿ ಕಟ್ಟಿದ ಕನ್ನಡ ಇನ್ನೊಂದು. ಓದುಗರ ಲೆಕ್ಕ ಹಿಡಿದರೆ ಎರಡನೆಯದೇ ಹೆಚ್ಚು ಮನೆಗಳನ್ನು ಹೊಕ್ಕಿತು. ಮನೆಯ ಮಾತು ಸಣ್ಣದೆಂದು ನಾನು ಶುರುವಿನಲ್ಲಿ ಹೇಳಿದ್ದು ಇಲ್ಲಿ ಅಲುಗಾಡಿತು. ಮನೆಯೊಳಗಿನ ಭಾಷೆಗೂ ಹೇಳಲು ಬಹಳವಿದೆ, ಅದಕ್ಕೆ ಓದು ಬರಹ ಸಿಕ್ಕರೆ.

ಸಂಜೆ ಪೇಟೆಯ ಕಡೆ ತಿರುಗಿದೆವು. ಜಗನ್ಮೋಹನ ಅರಮನೆಯ ಮಗ್ಗುಲಲ್ಲೇ ಪರಕಾಲ ಮಠ. ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಂದರು. ಕಂಬದೂರಿನ ಹುಡುಗ ಇದೇ ಜಗುಲಿಯಲ್ಲಿ ಕೂತು ಪಾಠ ಒಪ್ಪಿಸಿದನೆಂಬುದೇ ಅವರಿಗೆ ಸಾಕಾಗಿತ್ತು. ಶರ್ಮರು ಸಂಗೀತ ಕಲಿತದ್ದೂ ಈ ಊರಿನಲ್ಲೇ, ಬಿಡಾರಂ ಕೃಷ್ಣಪ್ಪನವರ ಬಳಿ. ಉಡುಪಿ ಸೀಮೆಯ ನಂದಳಿಕೆಯ ಕೃಷ್ಣಪ್ಪನವರ ಮನೆಮಾತು ಕೊಂಕಣಿ. ಕಛೇರಿ ಎಂದರೆ ತೆಲುಗು ಕೃತಿ ಎಂದಿದ್ದ ಕಾಲದಲ್ಲಿ ದಾಸರ ಪದಗಳನ್ನು ವೇದಿಕೆಗೆ ತಂದು ನಿಲ್ಲಿಸಿದವರು ಅವರು. ಅವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಇನ್ನೂ ಇದೆ. ಕೊಂಕಣಿಯ ಗುರು, ತೆಲುಗಿನ ಶಿಷ್ಯ, ನಡುವೆ ಪುರಂದರದಾಸರ ಕನ್ನಡ, ತ್ಯಾಗರಾಜರ ತೆಲುಗು. ತಿರುಪತಿಯಲ್ಲಿ ಅನ್ನಮಯ್ಯನ ಪದಗಳಿಗೆ ರಾಗ ಹುಡುಕುವಾಗ ಶರ್ಮರ ಕಿವಿಯಲ್ಲಿ ಮೈಸೂರು ಇದ್ದೇ ಇತ್ತು. 1974ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಎಂಬ ಬಿರುದು ಕೊಟ್ಟಿತು.

ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ಹೋಗುವಾಗ ಬೇಸರವಾಯಿತು. 1892ರ ಕಟ್ಟಡ, ಅದರ ಕಮಾನುಗಳ ಕೆಳಗೆ ಹಳೆಯ ಪುಸ್ತಕದಂಗಡಿಗಳಿದ್ದವು. ಮೈಸೂರಿನಲ್ಲಿ ಓದಿದ ಬಡ ಹುಡುಗರೆಲ್ಲ ಅಲ್ಲಿ ಪುಸ್ತಕ ಮಾರಿ ಪುಸ್ತಕ ಕೊಂಡವರು. 2012ರ ಆಗಸ್ಟಿನಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು, ಅಂಗಡಿಗಳು ಚದುರಿದವು. ಲೇಖಕರ ಮನೆಗಳನ್ನು ಉಳಿಸಲು ಊರು ಒಟ್ಟಾಗುತ್ತದೆ, ಒಳ್ಳೆಯದು. ಓದುಗ ಹುಟ್ಟುವ ಜಾಗಗಳಿಗೆ ಅಷ್ಟೇ ಜನ ಸೇರಬೇಕು. ಹಳೆ ಪುಸ್ತಕದಂಗಡಿ ಇಲ್ಲದ ಊರಿನಲ್ಲಿ ಲೇಖಕನ ವಸ್ತುಸಂಗ್ರಹಾಲಯ ಎಷ್ಟು ಚೆನ್ನಾಗಿದ್ದರೂ ಅರ್ಧ ಕೆಲಸವೇ.

ದೊಡ್ಡ ಗಡಿಯಾರದ ಕೆಳಗೆ ಕೂತು ಚುರುಮುರಿ ತಿಂದೆವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ 1927ರಲ್ಲಿ ಅರಮನೆಯ ನೌಕರರು ಹಣ ಕೂಡಿಸಿ ಕಟ್ಟಿಸಿದ್ದು. ಮುಖದ ಮೇಲೆ ಕನ್ನಡ ಅಂಕಿಗಳು. ಮಡಕಶಿರಾದವಳು ಬೆರಳೆತ್ತಿ ಒಂದೊಂದೇ ಓದಿದಳು. ಕನ್ನಡ ಅಕ್ಷರ ಕಲಿತಿದ್ದರೂ ಅಂಕಿ ಅವಳಿಗೆ ಹೊಸದು. ಮೇಷ್ಟ್ರು ತೆಲುಗು ಅಂಕಿ ಬಲ್ಲವರು. ಅವರಿಗೆ ಬಹುಪಾಲು ತಾನಾಗಿ ಓದಿಸಿಕೊಂಡಿತು.

ಅಲ್ಲೇ ಲೇಪಾಕ್ಷಿಯ ಮಾತು ಬಂತು. ಅಚ್ಯುತದೇವರಾಯನ ಕಾಲದಲ್ಲಿ ವಿರುಪಣ್ಣ ಕಟ್ಟಿಸಿದ ವೀರಭದ್ರ ದೇವಾಲಯದ ಪ್ರಾಕಾರದ ಗೋಡೆಯ ತುಂಬ ದತ್ತಿ ಬಿಟ್ಟ ಊರುಗಳ, ಹೊಲಗಳ ವಿವರ ಕನ್ನಡದಲ್ಲಿ ಕೊರೆದಿದೆ. ತೂಗುವ ಕಂಬದ ಕೆಳಗೆ ಬಟ್ಟೆ ಎಳೆಯಲು ಸಾಲು ನಿಲ್ಲುವ ಜನ ಆ ಗೋಡೆಯ ಕಡೆ ನೋಡುವುದಿಲ್ಲ. ಹದಿನಾರನೆಯ ಶತಮಾನದ ಆ ಲಿಪಿ ಈಗಿನ ಕನ್ನಡಕ್ಕೂ ತೆಲುಗಿಗೂ ಬಹಳ ಹತ್ತಿರ. ನಮ್ಮೂರಿನ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬರುವುದು ತೆಲುಗು ಅಕ್ಷರ ಮಾತ್ರ. ಅವರನ್ನು ಆ ಗೋಡೆಯ ಮುಂದೆ ನಿಲ್ಲಿಸಿದರೆ ಶಾಲೆಯಲ್ಲಿ ಕಲಿತ ಅಕ್ಷರದಿಂದ ಅಜ್ಜಿಯ ಭಾಷೆಯನ್ನು ಕೂಡಿಸಿ ಓದಬಲ್ಲರು. ಇದಕ್ಕೆ ಹೊಸ ಶಾಲೆ ಬೇಡ, ಸರ್ಕಾರದ ಆದೇಶ ಬೇಡ. ಒಬ್ಬರು ಕನ್ನಡ ಮೇಷ್ಟ್ರು, ಒಬ್ಬರು ತೆಲುಗು ಮೇಷ್ಟ್ರು, ಬೆಳಗಿನ ಓರೆ ಬಿಸಿಲು ಇದ್ದರೆ ಸಾಕು. ಕೊರೆದ ಅಕ್ಷರ ಓರೆ ಬೆಳಕಿನಲ್ಲೇ ಸರಿಯಾಗಿ ಕಾಣುವುದು.

ಊರಿಗೆ ಬಂದ ಮೇಲೆ ಅದನ್ನೇ ಮಾಡುತ್ತಿದ್ದೇವೆ. ಚಿಲಮತ್ತೂರಿನಿಂದ ಮೊದಲ ಬಸ್ಸಿಗೆ ಹೋಗಿ, ಪ್ರವಾಸಿಗರು ಬರುವ ಮೊದಲೇ ಗೋಡೆ ಹಿಡಿದು ನಡೆಯುತ್ತೇವೆ. ಊರಿನ ಹೆಸರುಗಳು ಬಂದಾಗ ಮಕ್ಕಳಿಗೆ ಉತ್ಸಾಹ ಹೆಚ್ಚು. ಹುಡುಗಿಯರೂ ಬರಬೇಕೆಂದು ಮಡಕಶಿರಾದವಳು ಮನೆಮನೆಗೆ ಹೋಗಿ ಕೇಳಿದ್ದಳು, ಬರುತ್ತಿದ್ದಾರೆ. ಮುಂದಿನ ನಡಿಗೆ ಅವಳ ಸೀಮೆಯ ಹೇಮಾವತಿಗೆ, ನೊಳಂಬರು ಹೆಂಜೇರು ಎಂದು ಕರೆದು ಆಳಿದ ಊರಿಗೆ. ಅಲ್ಲಿಯ ಅಕ್ಷರ ಇನ್ನೂ ಹಳೆಯದು, ಕನ್ನಡ ಮೇಷ್ಟ್ರಿಗೂ ಕಷ್ಟ. ಹಳಗನ್ನಡ ಬಲ್ಲವರು ಯಾರಾದರೂ ತುಮಕೂರಿನ ಕಡೆಯಿಂದಲೋ ಶಿರಾದಿಂದಲೋ ಒಂದು ಭಾನುವಾರ ಬರುವುದಾದರೆ, ಊಟ ನಮ್ಮದು.